ಮಡಚುವ ಚಾಕುವಿಗೆ ಮೂರು ಕೊಟೇಶನ್

ನಮ್ಮ ವಂಶದ ಮೊದಲ ಕಾರು ವಿಶಾಖಪಟ್ಟಣದ ಗಾಜುವಾಕದ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿ ಧೂಳು ಕುಡಿಯುತ್ತ ನಿಂತಿತ್ತು. ಅದರ ಮಾಲೀಕನಾದ ನಾನು ಪ್ರತಿ ಭಾನುವಾರ ಸಂಜೆ ದುವ್ವಾಡ ಸ್ಟೇಷನ್ನಿನಲ್ಲಿ ಬ್ಯಾಗು ತಬ್ಬಿಕೊಂಡು ವಿಜಯವಾಡದ ರೈಲಿಗೆ ಕಾಯುತ್ತಿದ್ದೆ. ಕಾರಿಗೆ ಏನೂ ಆಗಿರಲಿಲ್ಲ. ಪೆಟ್ರೋಲು ಇತ್ತು, ಇನ್ಶೂರೆನ್ಸ್ ಇತ್ತು, ನನ್ನ ಹತ್ತಿರ ಲೈಸೆನ್ಸೂ ಇತ್ತು. ಇಲ್ಲದಿದ್ದದ್ದು ಒಂದು ಚಾಕು.

ಬ್ಯಾಂಕಿನವರಿಗೆ ವರ್ಗಾವಣೆ ಹೊಸದಲ್ಲ. ವಿಶಾಖಪಟ್ಟಣದಲ್ಲಿ ಕೆಲವು ವರ್ಷ ಕೂತು, ತೆಲುಗಿನಲ್ಲಿ ಜಗಳ ಆಡುವಷ್ಟು ಪಳಗಿದ ಮೇಲೆ ವಿಜಯವಾಡಕ್ಕೆ ಆರ್ಡರು ಬಂತು. ಹೆಂಡತಿ ಗಾಜುವಾಕದಲ್ಲೇ ಶಾಲೆಯಲ್ಲಿ ಗಣಿತ ಹೇಳಿಕೊಡುತ್ತಾಳೆ; ಬಿಟ್ಟು ಬರುವ ಹಾಗಿರಲಿಲ್ಲ. ವಾರಕ್ಕೊಮ್ಮೆ ನಾನೇ ಬಂದು ಹೋಗುವುದು ಎಂದಾಯಿತು. ಆ ನೆಪದಲ್ಲಿ ಒಂದು ಸೆಕೆಂಡ್ ಹ್ಯಾಂಡ್ ಕಾರು ಕೊಂಡೆ. ನೆಪ ಎಂದೇ ಬರೆಯುತ್ತೇನೆ, ಏಕೆಂದರೆ ಕಾರು ಕೊಳ್ಳಲು ನಾನು ಕಾಲೇಜಿನ ದಿನಗಳಿಂದ ನೆಪ ಹುಡುಕುತ್ತಿದ್ದೆ.

ನಮ್ಮವ್ವ ಮಂಡ್ಯದ ಹತ್ತಿರ ಹೆದ್ದಾರಿಯ ಬದಿಯಲ್ಲಿ ಎಳನೀರು ಮಾರುತ್ತಿದ್ದಳು. ಕಾರುಗಳು ಬಂದು ನಿಲ್ಲುತ್ತಿದ್ದವು, ಗಾಜು ನಾಲ್ಕು ಬೆರಳು ಇಳಿಯುತ್ತಿತ್ತು, ಒಳಗಿನಿಂದ ಒಂದು ಕೈ ಬಂದು, "ಗಂಜಿ ಇರೋದು ಕೊಡಮ್ಮ" ಎನ್ನುತ್ತಿತ್ತು. ಮುಖ ಕಾಣುತ್ತಿರಲಿಲ್ಲ. ಕಾರಿನೊಳಗಿನವರಿಗೆ ಮುಖ ಇರುವುದಿಲ್ಲವೇನೋ ಎಂದು ಬಹಳ ದಿನ ಅಂದುಕೊಂಡಿದ್ದೆ. ಆಮೇಲೆ ನಾನು ನಮ್ಮ ಮನೆಯಲ್ಲಿ ಮೊದಲನೆಯವನಾಗಿ ಡಿಗ್ರಿ ಮಾಡಿದೆ, ಬ್ಯಾಂಕಿನ ಪರೀಕ್ಷೆ ಪಾಸು ಮಾಡಿದೆ. ಆದರೆ ಆ ಗಾಜಿನ ಒಳಗಡೆ, ಸ್ಟೀರಿಂಗಿನ ಹಿಂದೆ ಕೂತು, ಹೆದ್ದಾರಿಯಲ್ಲಿ ನನ್ನ ಪಾಡಿಗೆ ನಾನು ಹೋಗುವವರೆಗೆ ಪದವಿ ಪೂರ್ತಿ ಆದಂತೆ ಅನಿಸಿರಲಿಲ್ಲ. ವಿಶಾಖಪಟ್ಟಣದಿಂದ ವಿಜಯವಾಡಕ್ಕೆ ದಾರಿ ಉದ್ದ, ನೇರ, ಚೆನ್ನಾಗಿದೆ. ಘಟಿಕೋತ್ಸವಕ್ಕೆ ಹೇಳಿ ಮಾಡಿಸಿದ್ದು.

ಹೆಂಡತಿ ಟಿವಿ ನೋಡಿದಳು. ಗೋದಾವರಿ ಸೀಮೆಯಲ್ಲಿ ಯಾವುದೋ ಕಾರು ಕಾಲುವೆಗೆ ಇಳಿದಿತ್ತು. ಒಳಗಿದ್ದವರು ಬದುಕಿದ್ದರು, ಯಾರೋ ಗಾಜು ಒಡೆದು ಬೆಲ್ಟು ಕತ್ತರಿಸಿ ಎಳೆದಿದ್ದರು. ಅವಳು ಟಿವಿ ಆರಿಸಿ ನನ್ನ ಕಡೆ ತಿರುಗಿದಳು.

"ಏಮಂಡೀ, ನಿಮಗೆ ಈಜು ಬರತ್ತಾ?"

"ಇಲ್ಲ. ಗೊತ್ತಲ್ಲ ನಿನಗೆ."

"ಬೆಲ್ಟ್ ಜಾಮ್ ಆದ್ರೆ?"

"ಯಾಕೆ ಆಗತ್ತೆ?"

"ಸೆಕೆಂಡ್ ಹ್ಯಾಂಡ್ ಅಲ್ವಾ? ಕಾರಲ್ಲಿ ಒಂದು ಕತ್ತಿ ಇಟ್ಕೊಳ್ಳಿ. ಬೆಲ್ಟ್ ಕೋಸೋದಕ್ಕೆ, ಗ್ಲಾಸ್ ಒಡೆಯೋದಕ್ಕೆ. ಒಳ್ಳೇ ಕತ್ತಿ ಬಂದ ದಿನ ಕಾರ್ ತಗೊಂಡ್ ಹೋಗಿ. ಅಲ್ಲೀವರೆಗೂ ಟ್ರೈನು."

ಅವಳ ಅಜ್ಜ ಕೋಲಾರದ ಕಡೆಯಿಂದ ಬಂದರಿನ ಕೆಲಸಕ್ಕೆ ಬಂದವರು, ಅಮ್ಮ ತೆಲುಗಿನವರು. ಅವಳ ಕನ್ನಡ ಮನೆಯೊಳಗಿನದು, ಹೊಸ್ತಿಲು ದಾಟಿದರೆ ತೆಲುಗು. ಹೆದರಿಕೆಯಾದಾಗ ಹೊಸ್ತಿಲು ಎಲ್ಲಿದೆ ಎಂದು ಅವಳಿಗೂ ಗೊತ್ತಾಗುವುದಿಲ್ಲ, ಕತ್ತರಿಸುವುದು ಕೋಸುವುದಾಗುತ್ತದೆ. ಈರುಳ್ಳಿ ಹೆಚ್ಚುವ ಚಾಕುವಿಗೂ ತೆಲುಗಿನಲ್ಲಿ ಕತ್ತಿ ಎಂದೇ ಹೆಸರು. ಮಂಡ್ಯದವನಾದ ನನಗೆ ಕತ್ತಿ ಎಂದರೆ ನಾಟಕದ ರಾಜ ಸೊಂಟಕ್ಕೆ ಕಟ್ಟಿಕೊಂಡು ಬರುವುದು. ಇಷ್ಟು ವರ್ಷವಾದರೂ ಅವಳು "ಕತ್ತಿ ತನ್ನಿ" ಎಂದಾಗ ನನಗೆ ಮೊದಲು ಕಾಣುವುದು ಕಿರೀಟ, ಆಮೇಲೆ ಈರುಳ್ಳಿ.

ಒಂದು ಚಾಕು ತಾನೇ, ನಾಳೆ ಕೊಂಡರಾಯಿತು ಎಂದುಕೊಂಡೆ. ಆದರೆ ನಾನು ಅದುವರೆಗೆ ಚಾಕು ಕೊಂಡವನಲ್ಲ, ಹಿಡಿದವನೂ ಅಲ್ಲ. ಅವ್ವ ಮಚ್ಚು ಬೀಸುವಾಗ ನಾನು ಹತ್ತಿರ ಹೋದರೆ ಎಡಗೈಯಿಂದ ನೂಕುತ್ತಿದ್ದಳು. "ಅತ್ತ ವೋಗ್ಲಾ. ಬೆಳ್ಳು ಕುಯ್ಕೊಂಡ್ರೆ ಪರೀಕ್ಸೆ ಬರಿಯೋರ್ಯಾರು?" ಹೀಗೆ ನನ್ನ ಹತ್ತೂ ಬೆರಳು ಪರೀಕ್ಷೆಗೆಂದು ಮೀಸಲಾದವು. ಮನೆ ತುಂಬ ಎಳನೀರು, ಒಂದನ್ನೂ ನಾನು ಕೆತ್ತಲಿಲ್ಲ. ನನ್ನ ಶಿಕ್ಷಣದ ಫಲ ಏನು ಎಂದು ಯಾರಾದರೂ ಕೇಳಿದರೆ ಧಾರಾಳವಾಗಿ ಬೆರಳು ತೋರಿಸಬಹುದು, ಒಂದು ಗೀರೂ ಇಲ್ಲ.

ಗೊತ್ತಿಲ್ಲದ ವಸ್ತುವನ್ನು ಕೊಳ್ಳಬೇಕಾದಾಗ ಬ್ಯಾಂಕಿನವನು ಏನು ಮಾಡುತ್ತಾನೆ? ಮೂರು ಕೊಟೇಶನ್ ತರಿಸುತ್ತಾನೆ. ಶಾಖೆಗೆ ಸೀಲಿಂಗ್ ಫ್ಯಾನು ಬೇಕಾದರೂ ಮೂರು ಅಂಗಡಿಯ ದರ ಬರಬೇಕು, ಹೋಲಿಸಬೇಕು, ಯಾಕೆ ಇದೇ ಎಂದು ಬರೆಯಬೇಕು. ಅಷ್ಟರಲ್ಲಿ ಬೇಸಿಗೆ ಮುಗಿದಿರುತ್ತದೆ, ಅದು ಬೇರೆ ವಿಷಯ. ಈ ಪದ್ಧತಿ ನನ್ನ ಮನೆಗೂ ಬಂದಿತ್ತು. ನಮ್ಮ ಮಿಕ್ಸಿ ಹಾಗೇ ಬಂದದ್ದು, ಸೊಳ್ಳೆ ಪರದೆ ಹಾಗೇ ಬರಲಿರುವುದು.

ಮೊದಲ ಕೊಟೇಶನ್ನಿಗೆ ಗಾಜುವಾಕದ ಹಾರ್ಡ್‌ವೇರ್ ಅಂಗಡಿಗೆ ಹೋದೆ. ಮಡಚುವ ಚಾಕು ಎನ್ನುವುದನ್ನು ತೆಲುಗು ಮಾಡಿ, "ಮಡತ ಕತ್ತಿ ಉಂದಾ ಅಂಡಿ?" ಎಂದು ಕೇಳಿದೆ. ಅಂಗಡಿಯಾತನಿಗೆ ಮಡತ ಎನ್ನುವುದಷ್ಟೇ ಕೇಳಿಸಿರಬೇಕು. "ಮಡತ ಮಂಚಮಾ ಸಾರ್?" ಎಂದು ಮಡಚುವ ಮಂಚ ತೋರಿಸಿದ. ಕೈಯಲ್ಲಿ ಕುಯ್ಯುವಂತೆ ಮಾಡಿ ತೋರಿಸಿದ ಮೇಲೆ ಗಾಜಿನ ಪೆಟ್ಟಿಗೆಯಿಂದ ಒಂದು ಚಾಕು ತೆಗೆದಿಟ್ಟ. ದಪ್ಪ ಹಿಡಿ, ತುದಿಯಲ್ಲಿ ಗಾಜು ಒಡೆಯುವ ಮೊನೆ, ಬೆನ್ನಿನಲ್ಲಿ ಬೆಲ್ಟು ಸಿಕ್ಕಿಸಿ ಎಳೆಯುವ ಕೊಕ್ಕೆ. ಬೆಲೆ ಇಬ್ಬರು ಕೂತು ಬಿರಿಯಾನಿ ತಿಂದಷ್ಟು. ಬೇಕಾದದ್ದೆಲ್ಲ ಇತ್ತು.

ಆಗಲೇ ಕೊಂಡು ಬರಬಹುದಿತ್ತು. ನಾನು, "ಇದು ಯಾವ ಸ್ಟೀಲು?" ಎಂದೆ.

"ಸ್ಟೀಲೇ ಸಾರ್."

"ಯಾವ ಗ್ರೇಡು?"

ಆತ ರಸ್ತೆಯಾಚೆ, ಉಕ್ಕಿನ ಕಾರ್ಖಾನೆಯ ಚಿಮಣಿಗಳ ದಿಕ್ಕಿಗೆ ಕೈ ತೋರಿಸಿದ. "ಸ್ಟೀಲ್ ಗುರಿಂಚಿ ವಾಳ್ಳನಿ ಅಡಗಂಡಿ. ನೇನು ಕತ್ತಿ ಅಮ್ಮುತಾನು." ಉಕ್ಕಿನ ವಿಷಯ ಅವರನ್ನು ಕೇಳು, ನಾನು ಚಾಕು ಮಾರುವವನು ಎಂದರ್ಥ. ತುಕ್ಕು ಹಿಡಿಯುತ್ತದೆಯೇ ಎಂದೆ. ಸಮುದ್ರದ ಊರಿನಲ್ಲಿ ದೇವರ ದೀಪಕ್ಕೂ ತುಕ್ಕು ಹಿಡಿಯುತ್ತದೆ ಎಂದ. ಬಿಲ್ಲಿನಲ್ಲಿ ದರ ಬರೆದುಕೊಡಿ, ಯೋಚಿಸಿ ಬರುತ್ತೇನೆ ಎಂದೆ. ಆತ ಚಾಕುವನ್ನು ಪೆಟ್ಟಿಗೆಯೊಳಗೆ ಹಾಕುತ್ತ, "ಒಕ್ಕ ಕತ್ತಿಕಿ ಇನ್ನಿ ಮಡತ ಪೇಚೀಲಾ?" ಎಂದು ಗೊಣಗಿದ.

ಮಡತ ಪೇಚಿ ಎಂದರೆ ನೇರವಾಗಿರುವುದನ್ನು ಮಡಚಿ ಮಡಚಿ ತಕರಾರು ಮಾಡುವುದು. ಕನ್ನಡದ ಪೇಚಾಟಕ್ಕೆ ಅದು ದಾಯಾದಿ. ಪೇಚು ತಾನಾಗಿ ಬರುತ್ತದೆ, ಪೇಚಿ ನಾವಾಗಿ ತೆಗೆಯುತ್ತೇವೆ. ಆ ಮಾತು ನನಗೆ ನಾಟಲಿಲ್ಲ. ಓದಿದವನು ನಾಲ್ಕು ಪ್ರಶ್ನೆ ಕೇಳದೆ ಇರುತ್ತಾನೆಯೇ ಎಂದುಕೊಂಡು ಬಂದೆ.

ವಿಜಯವಾಡದಲ್ಲಿ ನನ್ನ ಜೊತೆ ಬಾಡಿಗೆ ಮನೆ ಹಂಚಿಕೊಂಡಿದ್ದವರು ಧಾರವಾಡದ ಕಡೆಯ ಒಬ್ಬ ಅಧಿಕಾರಿ, ನನ್ನಂತೆಯೇ ವರ್ಗಾವಣೆಯ ಸರಕು. ಸಂಜೆ ಅವರು ಜೋಳದ ರೊಟ್ಟಿಗೆ ಹಿಟ್ಟು ಕಲಸುತ್ತಿದ್ದರೆ ನಾನು ಮೊಬೈಲಿನಲ್ಲಿ ಚಾಕುವಿನ ವಿಡಿಯೋ ನೋಡುತ್ತಿದ್ದೆ. ಅವೆಲ್ಲ ಹಿಮ ಬೀಳುವ ದೇಶದವು. ಗಡ್ಡದ ಗಂಡಸರು ಕಾಡಿನಲ್ಲಿ ಕೂತು ಚಾಕುವಿನಿಂದ ಮರದ ತುಂಡು ಸೀಳುತ್ತಾರೆ, ಬೆಂಕಿ ಹಾಕುತ್ತಾರೆ, ಮೀನು ಕೊಯ್ಯುತ್ತಾರೆ, ಕೊನೆಯಲ್ಲಿ ಕೂದಲು ಬೋಳಿಸಿ ತೋರಿಸುತ್ತಾರೆ. ವಿಜಯವಾಡದ ಏಪ್ರಿಲ್ಲಿನಲ್ಲಿ, ಒದ್ದೆ ಟವೆಲ್ಲು ತಲೆಗೆ ಹಾಕಿಕೊಂಡು, ಕೈಗವಸು ತೊಟ್ಟು ಚಾಕು ತೆರೆಯಲು ಯಾವುದು ಸುಲಭ ಎಂಬ ಚರ್ಚೆಯನ್ನು ನಾನು ಗಮನವಿಟ್ಟು ಕೇಳಿದೆ.

"ಏನ್ರೀ ಸಾಹೇಬ್ರ, ಚಾಕು ತಗೊಳ್ಳಾಕತ್ತೀರೋ, ಹೆಣ್ಣು ನೋಡಾಕತ್ತೀರೋ?" ಎಂದರು ಧಾರವಾಡದವರು.

"ನೋಡಿ ತಗೋಬೇಕಲ್ಲ ಸಾರ್. ಜೀವದ ಪ್ರಶ್ನೆ."

"ಹೆಣ್ಣಿಗೂ ಇಷ್ಟು ನೋಡಿದ್ರೇನ್ರೀ?"

"ಒಂದೇ ನೋಡಿದ್ದು."

"ಮತ್ತ ಅದು ಬಾಳಿಕೀ ಬಂತಲ್ರಿ! ಹಂಗs ಇದನ್ನೂ ತಗೋರಿ."

ನಾನು ತೆಗೆದುಕೊಳ್ಳಲಿಲ್ಲ. ಎರಡನೆಯ ಕೊಟೇಶನ್ ಆನ್‌ಲೈನಿನದು. ಗುಂಡಿ ಒತ್ತಿದರೆ ಚಿಮ್ಮುವಂಥವನ್ನು ಮೊದಲೇ ಬಿಟ್ಟೆ, ಬ್ಯಾಂಕಿನವನ ಜೇಬಿನಲ್ಲಿ ಅಂಥದ್ದು ಇರಬಾರದು. ತೀರಾ ಸಣ್ಣದು ಬೇಡ, ಬೆವರಿದ ಕೈಯಲ್ಲಿ ಜಾರುತ್ತದೆ. ತೀರಾ ದೊಡ್ಡದು ಬೇಡ, ಪೊಲೀಸರಿಗೆ ಉತ್ತರ ಹೇಳಬೇಕಾಗುತ್ತದೆ. ಹೊಳೆಯುವ ಹಿಡಿ ಬೇಡ, ಕಳ್ಳರ ಕಣ್ಣು. ಕಪ್ಪು ಹಿಡಿ ಬೇಡ, ಸೀಟಿನ ಕೆಳಗೆ ಬಿದ್ದರೆ ಕಾಣುವುದಿಲ್ಲ. ಹೀಗೆ ಬೇಡವಾದವು ಬೆಳೆಯುತ್ತ ಹೋದವು. ವಾರ ವಾರವೂ ದುವ್ವಾಡದಲ್ಲಿ ರೈಲು ಹತ್ತುತ್ತ, ಇಳಿಯುತ್ತ ಹೋದೆ.

ಆಶ್ಚರ್ಯವೆಂದರೆ ಹೆಂಡತಿಯ ತಾಳ್ಮೆ. ಮಿಕ್ಸಿಯ ಕಾಲಕ್ಕೆ ತಲೆ ಚಚ್ಚಿಕೊಂಡವಳು ಈಗ ಎದುರು ಕೂತು ಕೇಳುತ್ತಿದ್ದಳು. ಕೇಳಿ ಪ್ರಶ್ನೆ ಹಾಕುತ್ತಿದ್ದಳು. "ಉಪ್ಪುಗಾಳಿಗೆ ಆ ಸ್ಟೀಲ್ ತಡೆಯತ್ತಾ?" "ಹಿಡಿ ಪ್ಲಾಸ್ಟಿಕ್ ಆದ್ರೆ ಬಿಸಿಲಿಗೆ ಕರಗಲ್ವಾ?" ಪ್ರತಿ ಪ್ರಶ್ನೆಗೂ ಒಂದು ವಾರ. "ಅವಸರ ಏನಿದೆ, ನಿಧಾನಕ್ಕೆ ನೋಡಿ" ಎನ್ನುವಳು. ಎಷ್ಟೋ ವರ್ಷಗಳ ಮೇಲೆ ನನ್ನ ಪದ್ಧತಿಗೆ ಮನೆಯಲ್ಲಿ ಒಂದು ಗೌರವ ಸಿಕ್ಕಿತು ಎಂದು ನಾನು ಒಳಗೊಳಗೇ ಹಿಗ್ಗಿದೆ.

ಅವ್ವನಿಗೂ ಫೋನಿನಲ್ಲಿ ಹೇಳಿದೆ. ಹೆಂಡತಿಯ ಬಾಯಿಯ ಮಾತೇ ನನ್ನ ಬಾಯಿಗೆ ಬಂದು, ಕತ್ತಿ ಕೊಳ್ಳುತ್ತಿದ್ದೇನೆ ಎಂದುಬಿಟ್ಟೆ.

"ಕತ್ತೀನಾ? ಯಾರ್ ಮ್ಯಾಲ್ಲಾ?"

"ಯಾರ ಮೇಲೂ ಅಲ್ಲ ಅವ್ವಾ. ಸಣ್ಣದು. ಕಾರಲ್ಲಿ ಇಟ್ಕೊಳೋಕೆ."

"ನಿಂಗ್ಯಾಕ್ಲಾ ಅದು, ಬೆಳ್ಳು ಉಸಾರು."

"ಈಗೇನು ಪರೀಕ್ಷೆ ಇಲ್ವಲ್ಲ ಅವ್ವಾ."

"ಪ್ರಮೋಸನ್ ಪರೀಕ್ಸೆ ಐತೆ ಅಂದಿದ್ದೆ?"

ಇತ್ತು. ಅದನ್ನು ನಾನು ಮರೆತಿದ್ದೆ, ಅವಳು ಮರೆತಿರಲಿಲ್ಲ.

ಮೂರನೆಯ ಕೊಟೇಶನ್ ವಿಜಯವಾಡದ ಹಳೆ ಊರಿನ ಒಂದು ಗಲ್ಲಿಯಲ್ಲಿ ಸಿಕ್ಕಿತು. ಮೂರೂ ದರ ಪಕ್ಕಪಕ್ಕ ಇಟ್ಟು ನೋಡಿದೆ. ಮೂರು ಚಾಕುವೂ ಒಂದೇ. ಅದೇ ಹಿಡಿ, ಅದೇ ಮೊನೆ, ಅದೇ ಕೊಕ್ಕೆ, ಪೆಟ್ಟಿಗೆಯ ಮೇಲಿನ ಅದೇ ತಪ್ಪು ಇಂಗ್ಲಿಷು. ಬಣ್ಣ ಮಾತ್ರ ಬೇರೆ. ಗಲ್ಲಿಯದು ಕಿತ್ತಳೆ ಬಣ್ಣ, ಸೀಟಿನ ಕೆಳಗೆ ಬಿದ್ದರೂ ಕಾಣುತ್ತದೆ ಎಂಬ ಕಾರಣ ಬರೆಯುವಂತಿತ್ತು. ಕೊಂಡೆ.

ಮನೆಗೆ ಬಂದು ಹೆಬ್ಬೆರಳಿನಿಂದ ದಬ್ಬಿದೆ. ಚಾಕು ಟಕ್ ಎಂದು ತೆರೆದುಕೊಂಡಿತು. ಎಂಥ ಸದ್ದು! ಧಾರವಾಡದವರೂ, "ಭಾರಿ ಐತ್ರೀ" ಎಂದರು. ಆಮೇಲೆ ಮಡಚಲು ಹೋದೆ. ಮಡಚಲಿಲ್ಲ. ಒತ್ತಿದೆ, ತಿರುಗಿಸಿದೆ, ಗೋಡೆಗೆ ಆನಿಸಿ ನೂಕಿದೆ. ಅವರು ತೆಗೆದುಕೊಂಡು ಹಿಟ್ಟಿನ ಕೈಯಲ್ಲಿ ನೋಡಿದರು. "ಇದು ಮಡಚೋದಲ್ರೀ, ಬಿಚ್ಚೋದಷ್ಟs" ಎಂದು ಫ್ರಿಜ್ಜಿನ ಮೇಲೆ ಇಟ್ಟರು. ನಮ್ಮಿಬ್ಬರ ನಡುವೆ ಮೂರು ಡಿಗ್ರಿ ಇದ್ದವು. ಹಿಮದ ದೇಶದ ಗಂಡಸರು ತೆರೆಯುವುದನ್ನು ನಿಧಾನವಾಗಿ ತೋರಿಸಿದ್ದರು; ಮಡಚುವುದನ್ನು ಬೇರೆ ಮಾತಾಡುತ್ತ ಒಂದೇ ಕೈಯಲ್ಲಿ ಮುಗಿಸಿಬಿಡುತ್ತಿದ್ದರು. ಅಷ್ಟು ಅಧ್ಯಯನದಲ್ಲಿ ಆ ಅಧ್ಯಾಯವೇ ನನಗೆ ತಪ್ಪಿಹೋಗಿತ್ತು. ಮಾರನೆಯ ದಿನ ಬೆಳಕಿಗೆ ಹಿಡಿದು ನೋಡಿದಾಗ ಹಿಡಿಯೊಳಗೆ ಒಂದು ತೆಳು ತಗಡು ಅಲಗಿನ ಬುಡಕ್ಕೆ ಅಡ್ಡ ನಿಂತಿರುವುದು ಕಂಡಿತು. ಅದನ್ನು ಪಕ್ಕಕ್ಕೆ ಸರಿಸಿದರೆ ಅಲಗು ತಲೆ ಬಾಗಿಸಿ ಒಳಗೆ ಹೋಯಿತು. ಲಾಕು ಎಂದರೆ ಅದೇ. ಅದರ ಬಗ್ಗೆ ನಾನು ಹೆಂಡತಿಗೆ ಒಂದು ಸಂಜೆ ಉಪನ್ಯಾಸ ಕೊಟ್ಟಿದ್ದೆ.

ಶನಿವಾರ ಗಾಜುವಾಕದ ಮನೆಗೆ ಬಂದವನೇ ಚಾಕುವನ್ನು ಅವಳ ಮುಂದೆ ಹಿಡಿದೆ. ಅವಳು ಕೈ ಹಿಂದಕ್ಕೆ ಎಳೆದುಕೊಂಡಳು.

"ಕೈಗೆ ಕೊಡಬೇಡಿ! ಕೆಳಗಿಡಿ. ಕತ್ತಿ ಕೈಗೆ ಕೊಟ್ರೆ ಜಗಳ ಆಗತ್ತೆ."

ನಮ್ಮ ಕಡೆ ಉಪ್ಪಿಗೆ ಈ ನಿಯಮ ಇದೆ. ಮೇಜಿನ ಮೇಲಿಟ್ಟೆ. ಅವಳು ಅದನ್ನು ಮುಟ್ಟಲಿಲ್ಲ. ಮುಖ ಇಳಿದಿತ್ತು.

"ಕೊಂಡೇ ಬಿಟ್ರಾ?"

"ಕೊಂಡೆ. ಮೂರು ಕೊಟೇಶನ್ ಆಯ್ತು. ನಾಳೆ ಕಾರಲ್ಲೇ ಹೋಗ್ತೀನಿ."

"ಇಷ್ಟು ಬೇಗ ಹೇಗೆ ಕೊಂಡ್ರಿ?"

ಬೇಗ! ನಾನು ಅವಳ ಮುಖ ನೋಡಿದೆ. ಆಮೇಲೆ ನಿಧಾನವಾಗಿ, ಬಹಳ ನಿಧಾನವಾಗಿ, ಅರ್ಥವಾಯಿತು.

"ನಾನು ಕೊಳ್ಳೋದಿಲ್ಲ ಅಂದ್ಕೊಂಡೇ ಹೇಳಿದ್ದಾ?"

"ಮಿಕ್ಸಿಗೆ ಎಷ್ಟು ದಿನ ತಗೊಂಡ್ರಿ? ಕತ್ತಿಗೆ ಕಡಿಮೆ ಅಂದ್ರೂ ದೀಪಾವಳಿ ದಾಟತ್ತೆ ಅಂದ್ಕೊಂಡೆ. ಅಷ್ಟರಲ್ಲಿ ಟ್ರಾನ್ಸ್‌ಫರ್ ವಾಪಸ್ ಬರಬಹುದು."

"ಹಾಗಾದ್ರೆ ಉಪ್ಪುಗಾಳಿ? ಹಿಡಿ ಕರಗೋದು?"

"ಟೈಮ್ ಆಗ್ಲಿ ಅಂತ ಕೇಳ್ದೆ."

"ಇದಕ್ಕೇ ಮಡತ ಪೇಚಿ ಅನ್ನೋದು."

"ಅದು ನಿಮ್ಮ ಹತ್ರ ಕಲಿತದ್ದು. ನೇರವಾಗಿ ಹೋಗಬೇಡಿ ಅಂದ್ರೆ ಕೇಳ್ತಿದ್ರಾ? ಊಟ ಆದ ಮೇಲೆ ಕೂತಲ್ಲೇ ನಿದ್ದೆಗೆ ತೂಗ್ತೀರಿ. ಸ್ಕೂಟರ್ ಮೇಲೂ ತೂಗ್ತೀರಿ. ಅಷ್ಟು ದೂರ ಒಬ್ಬರೇ! ಆ ಕತ್ತಿ ನಿಮ್ಮನ್ನ ಎಬ್ಬಿಸತ್ತಾ?"

ಜಗಳ ಆಯಿತು. ಕೈಗೆ ಕೊಡದಿದ್ದರೂ ಆಯಿತು, ನೆರೆಮನೆಯ ಬಾಗಿಲು ತೆರೆಯುವಷ್ಟು ಆಯಿತು. ಹೆದ್ದಾರಿ, ಎಳನೀರು, ನಾಲ್ಕು ಬೆರಳು ಇಳಿಯುತ್ತಿದ್ದ ಗಾಜು, ಎಲ್ಲ ಹೇಳಿದೆ. ಅದನ್ನು ಅದಕ್ಕೆ ಮೊದಲು ಅವಳಿಗೆ ಹೇಳಿರಲಿಲ್ಲ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು, "ಸರಿ, ಪರೀಕ್ಷೆ ಇಡ್ತೀನಿ. ಪಾಸಾದ್ರೆ ಹೋಗಿ" ಎಂದಳು. ಗಣಿತದ ಟೀಚರು. ಪರೀಕ್ಷೆ ಎಂದರೆ ನಾನು ಎಂದೂ ಇಲ್ಲ ಎಂದವನಲ್ಲ.

ಭಾನುವಾರ ಬೆಳಿಗ್ಗೆ ಕಾರು ತೊಳೆದು ಭೀಮುನಿಪಟ್ಟಣಕ್ಕೆ ಹೋದೆವು. ಸಮುದ್ರದ ಪಕ್ಕದ ರಸ್ತೆ, ಒಂದೂ ತೂಕಡಿಕೆ ಇಲ್ಲ. ಬಲೆ ಒಣಗಿಸುವ ಜಾಗದ ಹತ್ತಿರ ಕಾರು ನಿಲ್ಲಿಸಿದೆ. ಬೆಲ್ಟು ಬಿಚ್ಚಲು ಹೋದರೆ ಅವಳು ತಡೆದಳು.

"ಬಿಚ್ಚಬೇಡಿ. ಕಾರು ಕಾಲುವೆಗೆ ಬಿತ್ತು. ಬೆಲ್ಟ್ ಜಾಮು. ನಾನು ಇಲ್ಲ, ಸೀಟ್ ಖಾಲಿ. ಕತ್ತಿ ತಗೊಳ್ಳಿ."

ಚಾಕು ಎದುರಿನ ಡಬ್ಬಿಯಲ್ಲಿತ್ತು, ಅವಳ ಮೊಣಕಾಲಿನ ಮುಂದೆ. ಕೈ ಚಾಚಿ ಬಾಗಿದೆ. ಬೆಲ್ಟು ಗಪ್ಪನೆ ಹಿಡಿದುಕೊಂಡಿತು. ಇನ್ನಷ್ಟು ಜೋರಾಗಿ ಬಾಗಿದೆ, ಅದು ಇನ್ನಷ್ಟು ಹಿಡಿಯಿತು. ನನ್ನ ಬೆರಳಿಗೂ ಡಬ್ಬಿಗೂ ನಡುವೆ ಒಂದು ಗೇಣು ಉಳಿಯಿತು. ಯಾವ ಸ್ಟೀಲು, ಯಾವ ಲಾಕು, ಯಾವ ಬಣ್ಣ, ಎಲ್ಲ ಗೊತ್ತಿತ್ತು. ಅದನ್ನು ಎಲ್ಲಿಡಬೇಕು ಎಂದು ಮೂರು ಕೊಟೇಶನ್ನಿನಲ್ಲಿ ಒಂದರಲ್ಲೂ ಇರಲಿಲ್ಲ.

"ಗುಳುಗುಳುಗುಳು" ಎಂದಳು ಅವಳು. ನೀರು ತುಂಬುವ ಸದ್ದು. ಆಮೇಲೆ ಇಬ್ಬರಿಗೂ ನಗು ತಡೆಯಲಾಗಲಿಲ್ಲ. ಬಲೆ ಹರಡುತ್ತಿದ್ದ ಹೆಂಗಸೊಬ್ಬಳು ಬಂದು ಗಾಜಿನೊಳಗೆ ಇಣುಕಿ, ಬೆಲ್ಟಿನಲ್ಲಿ ಸಿಕ್ಕಿಕೊಂಡು ನಗುತ್ತಿದ್ದ ನನ್ನನ್ನು ನೋಡಿ ಹೋದಳು. ನನ್ನ ಮುಖ ಅವಳಿಗೆ ಚೆನ್ನಾಗಿಯೇ ಕಂಡಿರಬೇಕು.

ಪರೀಕ್ಷೆಯಲ್ಲಿ ಫೇಲಾದೆ. ಬದುಕಿನಲ್ಲಿ ಮೊದಲ ಸಲ. ಅವಳು ಹಿಂದಿನ ಸೀಟಿನಲ್ಲಿದ್ದ ನನ್ನ ಬ್ಯಾಂಕಿನ ಗುರುತಿನ ಚೀಟಿಯ ಪಟ್ಟಿ ತೆಗೆದು, ಚೀಟಿ ಬಿಚ್ಚಿ ನನ್ನ ಜೇಬಿಗೆ ಹಾಕಿ, ಪಟ್ಟಿಯಿಂದ ಚಾಕುವನ್ನು ಹ್ಯಾಂಡ್ ಬ್ರೇಕಿನ ಪಕ್ಕಕ್ಕೆ ಕಟ್ಟಿದಳು. ಮತ್ತೆ ಬೆಲ್ಟು, ಮತ್ತೆ ಕಾಲುವೆ. ಈ ಸಲ ಕೈ ಮುಟ್ಟಿತು. ಸಪ್ಲಿಮೆಂಟರಿಯಲ್ಲಿ ಪಾಸು. ಆದರೆ ಸಪ್ಲಿಮೆಂಟರಿಯವನಿಗೆ ಪೂರ್ತಿ ಸರ್ಟಿಫಿಕೇಟು ಕೊಡುವುದಿಲ್ಲ ಎಂದಳು. ಒಬ್ಬನೇ ಹೋಗುವಾಗ ರೈಲು. ಶಾಲೆಗೆ ರಜೆ ಇದ್ದು ಅವಳು ಪಕ್ಕದಲ್ಲಿ ಕೂತರೆ ಕಾರು.

ಹಾಗೆ ಬೇಸಿಗೆ ರಜೆಯಲ್ಲಿ ಅವಳು ವಿಜಯವಾಡಕ್ಕೆ ಬಂದಳು. ವಿಜಯವಾಡದ ಮೇ ತಿಂಗಳಿಗೆ ಯಾರೂ ಸುಮ್ಮನೆ ಬರುವುದಿಲ್ಲ. ನನ್ನನ್ನು ಎಚ್ಚರವಾಗಿಡಲು ದಾರಿಯುದ್ದಕ್ಕೂ ಮಗ್ಗಿ ಕೇಳಿದಳು. ನಾನು ಓಡಿಸಿದೆ. ಗಾಜು ಪೂರ್ತಿ ಇಳಿಸಿ, ಬಿಸಿಗಾಳಿ ಮುಖಕ್ಕೆ ಹೊಡೆಯಲು ಬಿಟ್ಟು ಓಡಿಸಿದೆ. ಎಸಿ ಹಾಕಿ ಎಂದು ಅವಳು ಬೈದಳು. ಹದಿನೇಳರ ಮಗ್ಗಿಯಲ್ಲಿ ತಪ್ಪಿದೆ.

ತುನಿ ದಾಟಿದ ಮೇಲೆ ರಸ್ತೆ ಬದಿಯ ಮರದ ಕೆಳಗೆ ಸುವರ್ಣರೇಖ ಮಾವು ಗುಡ್ಡೆ ಹಾಕಿದ್ದರು. ನಿಲ್ಲಿಸಿ ಕೊಂಡೆವು. ಅಷ್ಟರಲ್ಲಿ ಅವ್ವನ ಫೋನು. ಕಾರಿನಲ್ಲಿದ್ದೇವೆ, ನಾನೇ ಓಡಿಸುತ್ತಿದ್ದೇನೆ, ಹಣ್ಣು ಕೊಯ್ಯಬೇಕು ಎಂದೆ. ಚಾಕುವಿನ ಪಟ್ಟಿ ಬಿಚ್ಚಿ ಟಕ್ ಎನಿಸಿದೆ. ಸದ್ದು ಮಂಡ್ಯಕ್ಕೆ ಕೇಳಿಸಿರಬೇಕು.

"ನೀ ಕುಯ್ಯಬ್ಯಾಡ ಕಣ್ಲಾ! ಅವಳ್ ಕೈಗೆ ಕೊಡು."

"ಕೈಗೆ ಕೊಡೋ ಹಾಗಿಲ್ಲ ಅವ್ವಾ, ಜಗಳ ಆಗತ್ತಂತೆ. ಕೆಳಗಿಡಬೇಕು."

"ಇಡು ಮತ್ತೆ, ಯಾಕ್ ಹಿಡ್ಕೊಂಡ್ ಕುಂತಿದ್ದೀಯ?"

ಡ್ಯಾಶ್‌ಬೋರ್ಡಿನ ಮೇಲಿಟ್ಟೆ. ಹೆಂಡತಿ ಅಲ್ಲಿಂದ ಎತ್ತಿಕೊಂಡು, ಬಾಗಿಲು ತೆರೆದು ಕಾಲು ಹೊರಗೆ ಹಾಕಿ ಕೂತು ಹಣ್ಣು ಹೆಚ್ಚಿದಳು. ಚಾಕು ಹರಿತವಾಗಿತ್ತು, ಆ ಆಯ್ಕೆಯಲ್ಲಿ ತಪ್ಪಿರಲಿಲ್ಲ. ಮುಗಿದ ಮೇಲೆ ರಸ ಒರೆಸಿ ಡ್ಯಾಶ್‌ಬೋರ್ಡಿನ ಮೇಲೆ ವಾಪಸ್ಸಿಟ್ಟಳು. "ಇದು ಮಡಚ್ತಾ ಇಲ್ಲ. ಕೆಟ್ಟು ಹೋಗಿದೆ ಅನ್ಸತ್ತೆ."

ನಾನು ಎತ್ತಿಕೊಂಡು, ಅವಳ ಕಡೆ ನೋಡದೆ, ಬೇರೆ ಏನೋ ಮಾತಾಡುತ್ತ, ಒಂದೇ ಕೈಯಲ್ಲಿ ಮಡಚಿದೆ.